ಒತ್ತಿದರೂ ಬೀಳದ ಒತ್ತು

ಮನೇಲಿ ಏನಾದ್ರೂ ಕೆಟ್ಟರೆ ಮೊದಲು ಹೆಸರು ಬರೋದು ವಯಸ್ಸಾದೋರದ್ದು. ಮಿಕ್ಸಿ ಸುಟ್ರೆ ಅತ್ತೆ ಜಾಸ್ತಿ ಹೊತ್ತು ತಿರುಗಿಸಿದ್ದಾರೆ, ರಿಮೋಟ್ ಕೆಲಸ ಮಾಡ್ತಿಲ್ಲ ಅಂದ್ರೆ ಮಾವ ಏನೋ ಒತ್ತಿಬಿಟ್ಟಿದ್ದಾರೆ, ಫೋನಲ್ಲಿ ಬೇಡದ ಆ್ಯಪ್ ಬಂದು ಕೂತಿದ್ರೆ ಅದೂ ಅವರದ್ದೇ ಕೆಲಸ. ಹಂಗೆ ಅನ್ನೋರು ಕೆಟ್ಟೋರೇನಲ್ಲ, ಪ್ರೀತಿಯಿಂದಲೇ ಅಂತಾರೆ, "ಹೋಗ್ಲಿ ಬಿಡು, ವಯಸ್ಸಾಯ್ತು" ಅಂತ. ಆದ್ರೆ ಆ "ಹೋಗ್ಲಿ ಬಿಡು" ಇದೆಯಲ್ಲ, ಅದು ತನಿಖೆನೇ ನಿಲ್ಲಿಸಿಬಿಡುತ್ತೆ. ಅಪರಾಧಿ ಸಿಕ್ಕಾಯ್ತಲ್ಲ, ಇನ್ನೇನು ಹುಡುಕೋದು. ನಮ್ಮನೆ ವೈರ್‌ಲೆಸ್ ಕೀಬೋರ್ಡ್ ಕಾಟ ಕೊಡೋಕೆ ಶುರು ಮಾಡಿದಾಗಿಂದ ಇದು ನನ್ನ ತಲೇಲಿ ಕೊರೀತಾನೇ ಇದೆ, ಅದಕ್ಕೇ ಬರೀತಿದೀನಿ.

ನಮ್ಮದು ದಾವಣಗೆರೆಯ ನಿಟುವಳ್ಳಿ ಕಡೆ ಮನೆ. ಹಾಲ್‌ನಲ್ಲಿರೋ ಟಿವಿನೇ ಕಂಪ್ಯೂಟರಿಗೂ ಪರದೆ, ಯಾಕಂದ್ರೆ ಕಣ್ಣಿನ ಆಪರೇಷನ್ ಆದ್ಮೇಲೆ ಮಾವಂಗೆ ಸಣ್ಣ ಮಾನಿಟರ್ ಮುಂದೆ ಬಗ್ಗಿ ಕೂರೋಕೆ ಆಗ್ತಿರಲಿಲ್ಲ. ಟಿವಿ ಕೆಳಗೆ ಕಬ್ಬಿಣದ ಸ್ಟ್ಯಾಂಡು, ಅದರಲ್ಲಿ ಸಿಪಿಯು, ಪಕ್ಕದಲ್ಲೇ ವೈಫೈ ರೌಟರ್. ಎದುರಿಗೆ ದಿವಾನ್, ಅದರ ಮೇಲೆ ಮಾವ, ಅವರ ತೊಡೆ ಮೇಲೊಂದು ಹಲಗೆ, ಹಲಗೆ ಮೇಲೆ ಕೀಬೋರ್ಡು. ಅಷ್ಟು ದೂರಕ್ಕೆ ವೈರ್ ಎಳೆದ್ರೆ ಓಡಾಡೋರ ಕಾಲಿಗೆ ಸಿಗುತ್ತೆ ಅಂತಲೇ ವೈರ್‌ಲೆಸ್ ತಂದಿದ್ದು.

ಮಾವ ಸರ್ಕಾರಿ ಕಚೇರೀಲಿ ಟೈಪಿಸ್ಟ್ ಆಗಿದ್ದೋರು. ಮೊದಲು ಚಿತ್ರದುರ್ಗದಲ್ಲಿ, 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದಾಗ ಇಲ್ಲಿಗೆ ವರ್ಗ ಮಾಡಿಸ್ಕೊಂಡು ಬಂದ್ರು. ರಿಟೈರ್ ಆದ್ರೂ ಟೈಪಿಂಗ್ ಬಿಟ್ಟಿಲ್ಲ, ನಮ್ಮ ಓಣಿಯೋರ ಅರ್ಜಿಗಳೆಲ್ಲ ಇವರ ಕೈಯಲ್ಲೇ ಆಗೋದು. ಬೀದಿ ದೀಪ, ಖಾತೆ ಬದಲಾವಣೆ, ಪಿಂಚಣಿ, ಮಗಳ ಟಿಸಿ, ಎಲ್ಲಾನೂ. ದುಡ್ಡು ಮುಟ್ಟಲ್ಲ. ಸಂಜೆ ಯಾರಾದ್ರೂ ಮಿರ್ಚಿ ಮಂಡಕ್ಕಿ ಕಟ್ಟಿಸ್ಕೊಂಡು ಬಂದ್ರೆ ಮಾತ್ರ ಬೇಡ ಅನ್ನಲ್ಲ.

ಒಂದಿನ ತಳ್ಳುಗಾಡಿ ವ್ಯಾಪಾರದೋರೊಬ್ರು ಅರ್ಜಿ ಮಾಡಿಸ್ಕೊಂಡು ಹೋಗಿ ಕಚೇರೀಲಿ ಕೊಟ್ಟೂ ಬಂದ್ರು. ಅದರ ಇನ್ನೊಂದು ಕಾಪಿ ಪ್ರಿಂಟರ್ ಮೇಲೇ ಬಿದ್ದಿತ್ತು. ನನ್ನ ಮಗ ಎತ್ಕೊಂಡು ಜೋರಾಗಿ ಓದೋಕೆ ಶುರು ಮಾಡ್ದ. "ಮಾನ್ಯರೇ" ಇರಬೇಕಾದ ಕಡೆ "ಮಾನಯರೇ". "ವ್ಯಾಪಾರ" ಹೋಗಿ "ವಯಾಪಾರ". "ಅರ್ಜಿ" ಹೋಗಿ "ಅರಜಿ". ಒಂದು ಕಡೆ "ರಸಸಸಸಸ್ತೆ" ಅಂತ ಬೇರೆ. ಹುಡುಗ ಬಿದ್ದು ಬಿದ್ದು ನಕ್ಕ. ನಮ್ಮ ಯಜಮಾನ್ರು ನಗಲಿಲ್ಲ, ಆದ್ರೆ ಒಳಗೆ ಬಂದು ಮೆಲ್ಲಗೆ ಅಂದ್ರು, "ಅಪ್ಪಾಜಿಗೆ ಬೆರಳು ನಡುಗ್ತಾವೆ ಅನ್ಸುತ್ತೆ, ಇನ್ಮೇಲೆ ಅರ್ಜಿ ಗಿರ್ಜಿ ಬ್ಯಾಡ ಅಂತ ಹೇಳ್ಬೇಕು." ಮಾವಂಗೆ ಕಿವಿ ಚೆನ್ನಾಗಿ ಕೇಳುತ್ತೆ. ಆವತ್ತು ಏನೂ ಅನ್ನಲಿಲ್ಲ. ಮಾರನೇ ದಿನ ನಾನೊಬ್ಬಳೇ ಇದ್ದಾಗ ಅಂದ್ರು, "ಒತ್ತೀನಿ ತಾಯಿ. ಒತ್ತಿದ ಸಪ್ಳನೂ ಕೇಳೇತಿ. ಅಲ್ಲಿ ಬಿದ್ದಿಲ್ಲ, ಅಷ್ಟೇ."

ಸಪ್ಪಳ ಕೇಳೇತಿ

ಈ ಸಪ್ಪಳದ ಮಾತು ನಂಗೆ ಯಾಕೆ ನಾಟಿತು ಅಂದ್ರೆ, ಮದುವೆಯಾದ ಹೊಸದರಲ್ಲಿ ಒಂದ್ಸಲ ಊಟದ ಡಬ್ಬಿ ಕೊಡೋಕೆ ಅವರ ಕಚೇರಿಗೆ ಹೋಗಿದ್ದೆ. ಆಗಿನ್ನೂ ಕನ್ನಡ ಟೈಪ್‌ರೈಟರ್ ಇತ್ತು. ಮಧ್ಯೆ ಮಧ್ಯೆ ಕಾರ್ಬನ್ ಹಾಳೆ ಇಟ್ಟು ಸೇರಿಸಿದ ಕಾಗದ, ಮೂರನೇ ಕಾಪಿಗೂ ಅಕ್ಷರ ಮೂಡಬೇಕು ಅಂತ ಗುದ್ದಿ ಗುದ್ದಿ ಒತ್ತೋದು, ಸಾಲು ಮುಗಿಯೋಕೆ ಬಂದಾಗ ಟಿಣ್ ಅನ್ನೋ ಗಂಟೆ, ಸರಕ್ ಅಂತ ಎಳೆಯೋದು. ಮಾವ ಮಷೀನ್ ಕಡೆ ನೋಡ್ತಾನೇ ಇರಲಿಲ್ಲ, ಎಡಗಡೆ ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಕೈಬರಹದ ಕರಡಿನ ಮೇಲೇ ಕಣ್ಣು. ನಡುವೆ ಇದ್ದಕ್ಕಿದ್ದಂಗೆ ನಿಲ್ಲಿಸಿ, ಒಂದಕ್ಕೊಂದು ಸಿಕ್ಕಿಹಾಕ್ಕೊಂಡಿದ್ದ ಎರಡು ಕಡ್ಡಿ ಬಿಡಿಸಿ, ಮತ್ತೆ ಶುರು ಮಾಡಿದ್ರು. ನೋಡದೆ ಹೆಂಗೆ ಗೊತ್ತಾಯ್ತು ಅಂತ ಕೇಳಿದ್ದಕ್ಕೆ ಕಿವಿ ತೋರಿಸಿದ್ರು. ಅಕ್ಷರ ಬಿದ್ದ ಸಪ್ಪಳ ಬೇರೆ, ಬೀಳದ ಸಪ್ಪಳ ಬೇರೆ.

ಆ ಮಷೀನಲ್ಲಿ ಸಪ್ಪಳ ಆಗ್ತಿದ್ದುದೇ ಅಕ್ಷರ ಹೋಗಿ ಕಾಗದಕ್ಕೆ ಹೊಡೆದಾಗ. ಈಗಿನ ಕೀಬೋರ್ಡಲ್ಲಿ ಸಪ್ಪಳ ಅನ್ನೋದು ತೊಡೆ ಮೇಲಿನ ಪ್ಲಾಸ್ಟಿಕ್‌ದು, ಅಕ್ಷರ ಆರಡಿ ಆಚೆ ಹುಟ್ಟುತ್ತೆ. ನಡುವೆ ಇರೋದು ಗಾಳಿ. ಇವರು ಈಗಲೂ ಪರದೆ ನೋಡಲ್ಲ, ಕರಡು ನೋಡ್ತಾ ಕಿವಿ ನಂಬ್ಕೊಂಡು ಹೊಡೀತಾರೆ. ಕಿವಿ "ಬಿತ್ತು" ಅನ್ನುತ್ತೆ, ಬಿದ್ದಿರಲ್ಲ. ಒಂದೊಂದೇ ಬೆರಳಲ್ಲಿ ಹುಡುಕಿ ಒತ್ತೋ ನಮ್ಮಂಥೋರಾದ್ರೆ ಪ್ರತಿ ಅಕ್ಷರಕ್ಕೂ ತಲೆ ಎತ್ತಿ ನೋಡ್ತೀವಿ, ಬಿಟ್ಟು ಹೋಗಿದ್ದು ಅಲ್ಲೇ ಕಾಣ್ಸುತ್ತೆ, ತಿದ್ದಿ ಮರೆತೂ ಬಿಡ್ತೀವಿ. ಹಾಗಾಗಿ ಮನೇಲಿ ಕೀಬೋರ್ಡ್ ಎಲ್ಲರಿಗೂ ಕೈಕೊಡ್ತಿತ್ತು, ಕಾಗದದ ಮೇಲೆ ಸಾಕ್ಷಿ ಉಳೀತಿದ್ದದ್ದು ಮಾವಂದು ಮಾತ್ರ.

ಯಾವ ಬೆರಳಿನ ತಪ್ಪು?

ಆ ಅರ್ಜಿಯ ಕಾಪಿ ಮತ್ತೆ ಅವರ ಹಳೇ ಪ್ರಿಂಟುಗಳು ಇಟ್ಕೊಂಡು ಕೂತೆ. ನಾನು ಮನೇಲೇ ಒಂದಷ್ಟು ಅಂಗಡಿಗಳ ಲೆಕ್ಕ ಬರೀತೀನಿ, ಜಿಎಸ್‌ಟಿ ಗಿಎಸ್‌ಟಿ, ಸುಳ್ಳು ಎಂಟ್ರಿ ಯಾವುದು ಕೈತಪ್ಪಿದ ಎಂಟ್ರಿ ಯಾವುದು ಅಂತ ನೋಡೋದು ಅಭ್ಯಾಸ ಆಗಿಹೋಗಿದೆ. ತಪ್ಪು ಇದೆ ಅನ್ನೋದಕ್ಕಿಂತ ಎಂಥಾ ತಪ್ಪು ಅನ್ನೋದು ಮುಖ್ಯ.

ಮಾವ ಟೈಪ್ ಮಾಡೋದು ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ, ಅದರದ್ದು ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ. ನುಡಿ ಬಲ್ಲೋರಿಗೆ ಹೇಳೋದೇನಿಲ್ಲ, ಒತ್ತಕ್ಷರ ಬೇಕಂದ್ರೆ ನಡುವೆ ಎಫ್ ಕೀ. ಮಾನ್ಯರೇ ಅನ್ನೋಕೆ ನ, ಎಫ್, ಯ. ಆ ಎಫ್ ಒಂದು ಬಿಟ್ಟುಹೋದ್ರೆ "ಮಾನಯರೇ". ಈಗ ಎಫ್ ಎಲ್ಲಿದೆ ನೋಡಿ, ಎಡಗೈ ತೋರುಬೆರಳ ಕೆಳಗೆ, ಮೇಲೊಂದು ಸಣ್ಣ ಗೆರೆ ಉಬ್ಬಿರುತ್ತಲ್ಲ ಅದೇ ಕೀ. ಟೈಪಿಸ್ಟ್ ಬೆರಳು ಅಲ್ಲೇ ಮನೆ ಮಾಡ್ಕೊಂಡಿರುತ್ತೆ, ಎಲ್ಲಿಗೂ ಚಾಚಬೇಕಿಲ್ಲ, ತ್ರಾಣ ಇರೋ ಬೆರಳು ಬೇರೆ. ಬೆರಳು ಸೋಲೋದಾದ್ರೆ ಮೊದಲು ಸೋಲಬೇಕಾದ್ದು ಕಿರುಬೆರಳು, ಅಂದ್ರೆ ಶಿಫ್ಟ್ ಒತ್ತೋದು. ಶಿಫ್ಟ್ ತಪ್ಪಿದ್ರೆ ಳ ಹೋಗಿ ಲ ಆಗುತ್ತೆ, ಣ ಹೋಗಿ ನ ಆಗುತ್ತೆ, ಅಣ್ಣ ಇದ್ದೋನು ಅನ್ನ ಆಗ್ತಾನೆ, ಹಳ್ಳಿ ಹಲ್ಲಿ ಆಗುತ್ತೆ. ಮಾವನ ಕಾಗದಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ತಳ್ಳುಗಾಡಿ ತಳ್ಳುಗಾಡಿಯೇ, ದಾವಣಗೆರೆ ದಾವಣಗೆರೆಯೇ. ನಡುಗೋ ಬೆರಳು ಪಕ್ಕದ ಕೀಗೆ ಬೀಳುತ್ತೆ, ಕ ಬದಲು ಜ ಅಥವಾ ಲ, ನ ಬದಲು ಮ ಅಥವಾ ಬ. ಅದೂ ಇಲ್ಲ. ಇದ್ದದ್ದು ಎರಡೇ ಥರ, ಒಂದೋ ಇಡೀ ಒತ್ತು ಮಾಯ, ಇಲ್ಲಾಂದ್ರೆ ಒಂದೇ ಅಕ್ಷರ ಸಾಲಾಗಿ.

ಯಾಕೆ ಹಿಂಗೆ ಅನ್ನೋದು ಕೀಬೋರ್ಡ್ ಕಂಪ್ಯೂಟರಿಗೆ ಏನು ಹೇಳುತ್ತೆ ಅಂತ ತಿಳ್ಕೊಂಡ್ರೆ ಗೊತ್ತಾಗುತ್ತೆ. ಯುಎಸ್‌ಬಿ ಕೀಬೋರ್ಡಿನ ಸಾದಾ ಸಂದೇಶ 8 ಬೈಟ್‌ದು. ಮೊದಲನೇ ಬೈಟಲ್ಲಿ ಶಿಫ್ಟ್, ಕಂಟ್ರೋಲ್, ಆಲ್ಟ್ ಇಂಥವುಗಳ ಸ್ಥಿತಿ, ಎರಡನೇದು ಖಾಲಿ, ಮಿಕ್ಕ 6ರಲ್ಲಿ ಆ ಕ್ಷಣಕ್ಕೆ ಒತ್ತಿರೋ ಕೀಗಳು. ಶಿಫ್ಟ್ ಮತ್ತು ಅಕ್ಷರ ಒಂದೇ ಸಂದೇಶದಲ್ಲಿ ಹೋಗುತ್ತೆ, ಹಾಗಾಗಿ ಹೋದ್ರೆ ಎರಡೂ ಒಟ್ಟಿಗೆ ಹೋಗುತ್ತೆ, ಳ ಇಡಿಯಾಗಿ ಕಾಣೆಯಾಗಬಹುದೇ ಹೊರತು ಲ ಆಗಿ ಇಳಿಯೋದು ಅಪರೂಪ. ಇನ್ನೊಂದು, ಬೆರಳು ಎತ್ತಿದಾಗ "ಈಗ ಏನೂ ಒತ್ತಿಲ್ಲ" ಅಂತ ಇನ್ನೊಂದು ಸಂದೇಶ ಹೋಗಬೇಕು. ಅದು ದಾರೀಲಿ ಬಿದ್ದುಹೋದ್ರೆ ಕಂಪ್ಯೂಟರ್ ಪಾಲಿಗೆ ಬೆರಳು ಇನ್ನೂ ಅಲ್ಲೇ ಇದೆ, ಅದು ಪಾಪ ಸ ಸ ಸ ಸ ಅಂತ ಬರೀತಾ ಹೋಗುತ್ತೆ. ರಸಸಸಸಸ್ತೆಯ ಗುಟ್ಟು ಇದು. ಕಾಗದ ಓದಿದಷ್ಟಕ್ಕೇ ನಂಗೆ ಖಾತ್ರಿ ಆಯ್ತು, ಬೆರಳು ಸರಿ ಇದೆ, ಸಂದೇಶ ಕಳೀತಿದೆ. ಯಜಮಾನ್ರಿಗೆ ಹೇಳಿದ್ರೆ "ಸರಿ, ಹಂಗಾದ್ರೆ ಹೊಸದು ತಗಳಣ" ಅಂದ್ರು. ಗಂಡಸರ ಪರಿಹಾರ.

ಶೆಲ್ಲು, ಮಂಡಕ್ಕಿ, ರೌಟರು

ಕೊಳ್ಳೋ ಮೊದಲು ನೋಡೋಣ ಅಂತ ಶುರು ಮಾಡಿದೆ. ಕೀಬೋರ್ಡ್ ಬೋರಲು ಹಾಕಿ ತಟ್ಟಿದ್ರೆ ಮಂಡಕ್ಕಿ, ಪುಟಾಣಿ ಸಿಪ್ಪೆ, ಒಂದು ಚೂರು ಮಿರ್ಚಿ ಹಿಟ್ಟು ಎಲ್ಲಾ ಉದುರ್ತು. ದಾವಣಗೆರೆ ಕೀಬೋರ್ಡಲ್ಲಿ ಇನ್ನೇನು ಸಿಗುತ್ತೆ. ಆದ್ರೆ ಕಸ ಕೂತ್ರೆ ಅದೇ ಕೀ ಯಾವಾಗಲೂ ಕೈಕೊಡುತ್ತೆ, ಇಲ್ಲಿ ಯಾವ ಕೀ ಬೇಕಾದ್ರೂ ಯಾವಾಗ ಬೇಕಾದ್ರೂ ಹೋಗ್ತಿತ್ತು. ಶೆಲ್ಲು ಬದಲಿಸಿದ್ದಾಯ್ತು. ಅತ್ತೆ ಹಳೇ ಶೆಲ್ಲು ಬಿಸಿಲಿಗಿಟ್ಟು ಮತ್ತೆ ಹಾಕ್ತಾರೆ, ಗಡಿಯಾರಕ್ಕೆ ಅದು ನಡೆಯುತ್ತೆ, ಇದಕ್ಕೆ ನಡೆಯಲ್ಲ ಅಂತ ಅವರಿಗೆ ಒಪ್ಪಿಸೋಕೇ ಸಾಕಾಯ್ತು. ಹೊಸ ಆಲ್ಕಲೈನ್ ಶೆಲ್ಲು ಹಾಕಿದ್ರೂ ಕಥೆ ಅದೇ. ಬಲಗಡೆ ಶಿಫ್ಟ್ 8 ಸೆಕೆಂಡ್ ಒತ್ತಿ ಹಿಡಿದ್ರೆ ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಅನ್ನೋದು ಎದ್ದು ಕೂರುತ್ತೆ, ಗಡಿಬಿಡಿಯ ಒತ್ತುಗಳನ್ನ ಅದು ನುಂಗಿಬಿಡುತ್ತೆ. ಮಾವಂಗೆ ಶಿಫ್ಟ್ ಮೇಲೆ ಬೆರಳಿಟ್ಕೊಂಡೇ ಯೋಚನೆ ಮಾಡೋ ಚಟ ಇದೆ, ಅದಕ್ಕೆ ಅದನ್ನೂ ನೋಡಿದೆ. ಆದ್ರೆ ಅದು ಆನ್ ಇದ್ದಿದ್ರೆ ಸ ಸ ಸ ಸ ಅಷ್ಟು ಸಲೀಸಾಗಿ ಬರ್ತಿರಲಿಲ್ಲ. ಆಮೇಲೆ ಅಟ್ಟದ ಮೇಲಿದ್ದ ಹಳೇ ವೈರಿನ ಕೀಬೋರ್ಡ್ ಇಳಿಸಿ ಚುಚ್ಚಿ ಕೊಟ್ಟೆ. ಮಾವ ಪುಟಗಟ್ಟಲೆ ಹೊಡೆದ್ರು, ಒಂದೂ ಒತ್ತು ಬಿಡಲಿಲ್ಲ. ಯಜಮಾನ್ರು ನೋಡಿ ಸುಮ್ನೆ ಹೋದ್ರು.

ಪೇಟೆಯ ಅಂಗಡಿಯೊಂದಕ್ಕೆ ಕೀಬೋರ್ಡ್ ತಗೊಂಡು ಹೋದ್ರೆ ಅಲ್ಲಿ ಜಮ್ ಅಂತ ಕೆಲಸ ಮಾಡ್ತು. "ವೈರ್‌ಲೆಸ್ ಅಂದ್ರೆ ಹಂಗೇ ರೀ ಮೇಡಂ" ಅಂದ್ರು ಅಂಗಡಿಯೋರು. ಆ ಮಾತಿಗೆ ಅರ್ಥ ಇಲ್ಲ, ಆದ್ರೆ ಅಲ್ಲಿ ಕೆಲಸ ಮಾಡಿದ್ದಕ್ಕೆ ಅರ್ಥ ಇದೆ. ಕೀಬೋರ್ಡೂ ಸರಿ, ಅದರ ಸಂದೇಶ ಹಿಡಿಯೋಕೆ ಕಂಪ್ಯೂಟರಿಗೆ ಚುಚ್ಚೋ ಡಾಂಗಲೂ ಸರಿ, ಕಂಪ್ಯೂಟರೂ ಸರಿ. ಕೆಟ್ಟಿರೋದು ನಮ್ಮ ಹಾಲು.

ಅಲ್ಲಿಂದ ರೌಟರ್ ಮೇಲೆ ಅನುಮಾನ. ಈ ಥರದ ಕೀಬೋರ್ಡು, ಮೌಸು, ಬ್ಲೂಟೂತು, ಹಳೇ ಬ್ಯಾಂಡಿನ ವೈಫೈ, ಎಲ್ಲಾ ಓಡಾಡೋದು 2.4 ಗಿಗಾಹರ್ಟ್ಸ್ ಅನ್ನೋ ಒಂದೇ ಬೀದೀಲಿ, ಸರಿಯಾಗಿ ಹೇಳಬೇಕಂದ್ರೆ 2400ರಿಂದ 2483.5 ಮೆಗಾಹರ್ಟ್ಸ್. ನಮ್ಮ ದೇಶದಲ್ಲಿ 2005ರಲ್ಲಿ ಇದನ್ನ ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ ಬಿಟ್ರು, ಯಾರು ಬೇಕಾದ್ರೂ ಬರಬಹುದು, ಮೈಕ್ರೋವೇವ್ ಒಲೆನೂ ಅಲ್ಲೇ. ವೈಫೈ ಚಾನೆಲ್‌ಗಳಲ್ಲಿ ಒಂದರ ಮೇಲೊಂದು ಬೀಳದಂಗೆ ಸಿಗೋದು 1, 6, 11 ಮೂರೇ. ಫೋನಲ್ಲಿ ನೋಡಿದ್ರೆ ನಮ್ಮ ಓಣಿಯ ಎಲ್ಲರ ವೈಫೈ ಹೆಸರೂ ಸಾಲಾಗಿ ನಿಂತಿದ್ವು. ರೌಟರನ್ನ ಆ ಕಡೆ ಕಿಟಕಿ ಹತ್ರ ಇಟ್ಟು, ಚಾನೆಲ್ ಬದಲಿಸಿ, ಮನೆ ಫೋನ್‌ಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಹತ್ತಿಸಿದೆ. ಸ್ವಲ್ಪ ಮೇಲು ಅನ್ನಿಸ್ತು. ಸಂಜೆ ಆಗ್ತಿದ್ದಂಗೆ ಮತ್ತೆ ಅದೇ ರಾಗ.

ನೀಲಿ ಪೋರ್ಟು

ಸಂಜೆ. ಅದನ್ನ ನಾನು ಅಷ್ಟು ದಿನ ಓಣಿಯೋರೆಲ್ಲ ಮನೆಗೆ ಬಂದು ವೈಫೈ ಹಚ್ಕೊಳ್ಳೋ ಹೊತ್ತು ಅಂತಲೇ ಲೆಕ್ಕ ಹಾಕಿದ್ದೆ. ನಮ್ಮನೇಲೇ ಸಂಜೆ ಏನು ಬದಲಾಗುತ್ತೆ ಅಂತ ಯೋಚಿಸಿದ್ರೆ, ಮಗ ಕಾಲೇಜಿಂದ ಬರ್ತಾನೆ. ಬಂದು ಅವನ ಹಾರ್ಡ್ ಡಿಸ್ಕ್ ಚುಚ್ತಾನೆ. ಸಿಪಿಯು ಹಿಂದೆ ಎರಡು ನೀಲಿ ಪೋರ್ಟು, ಒಂದರಲ್ಲಿ ಕೀಬೋರ್ಡಿನ ಕಡಲೆಕಾಳಷ್ಟು ಡಾಂಗಲು, ಅದಕ್ಕೆ ಅಂಟಿಕೊಂಡಂಗೆ ಇನ್ನೊಂದರಲ್ಲಿ ಹಾರ್ಡ್ ಡಿಸ್ಕಿನ ಕೇಬಲ್ಲು.

ಒಳಗಿನ ಪ್ಲಾಸ್ಟಿಕ್ ನೀಲಿ ಇದ್ರೆ ಸಾಮಾನ್ಯವಾಗಿ ಅದು ಯುಎಸ್‌ಬಿ 3.0. ಹಳೇ 2.0 ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಿದ್ರೆ ಇದು 5 ಗಿಗಾಬಿಟ್. ಅಷ್ಟು ವೇಗದಲ್ಲಿ ಡೇಟಾ ಹರಿಯುವಾಗ ಕೇಬಲ್ಲು, ಕನೆಕ್ಟರ್ ಸುತ್ತ ರೇಡಿಯೋ ಗದ್ದಲ ಸೋರುತ್ತೆ, ಸೊನ್ನೆಯಿಂದ 5 ಗಿಗಾಹರ್ಟ್ಸ್ ತನಕ ಹರಡಿಕೊಂಡು. 2.4 ಅದರ ನಟ್ಟನಡುವೆ. ಇದು ನನ್ನ ಊಹೆ ಅಲ್ಲ, ಕಂಪ್ಯೂಟರ್ ಚಿಪ್ ಮಾಡೋ ಇಂಟೆಲ್ 2012ರಲ್ಲೇ ಇದರ ಬಗ್ಗೆ ಒಂದು ವೈಟ್ ಪೇಪರ್, ಅಂದ್ರೆ ತಾಂತ್ರಿಕ ವರದಿ, ಹೊರಡಿಸಿದೆ. ಅವರು ಪರೀಕ್ಷೆಗಿಟ್ಟದ್ದೂ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಮತ್ತೆ ವೈರ್‌ಲೆಸ್ ಮೌಸನ್ನೇ. ಹಾರ್ಡ್ ಡಿಸ್ಕ್ ಹತ್ರ 2.4ರ ಸುತ್ತ ಗದ್ದಲ ಸುಮಾರು 20 ಡೆಸಿಬೆಲ್ ಏರಬಹುದು ಅಂತ ಅದರಲ್ಲಿದೆ, ಶಕ್ತಿಯ ಲೆಕ್ಕದಲ್ಲಿ 100 ಪಟ್ಟು. ಡಾಂಗಲ್‌ಗೆ ದಿವಾನಿನಿಂದ ಬರೋ ದನಿ ಮೊದಲೇ ಸಣ್ಣದು, ನಡುವೆ ಕಬ್ಬಿಣದ ಸ್ಟ್ಯಾಂಡು ಬೇರೆ ಅಡ್ಡ, ಪಕ್ಕದಲ್ಲಿ ಈ ಗದ್ದಲ. ಹಿಟ್ಟಿನ ಗಿರಣಿ ಒಳಗೆ ನಿಂತ್ಕೊಂಡು ರಸ್ತೆ ಆಚೆಯೋರ ಮಾತು ಕೇಳಿಸ್ಕೊಳ್ಳೋ ಪಾಡು ಅದರದ್ದು. ಬಹಳಷ್ಟು ಡಾಂಗಲ್‌ಗಳಲ್ಲಿ ಉತ್ತರ ಬರದಿದ್ರೆ ಕೀಬೋರ್ಡ್ ಅದೇ ಸಂದೇಶ ಮತ್ತೆ ಮತ್ತೆ ಕಳಿಸುತ್ತೆ, ಅದಕ್ಕೇ ಕೆಲವು ಸಲ ಅಕ್ಷರ ತಡವಾಗಿ ಗುಂಪಾಗಿ ಬಂದು ಬೀಳ್ತಿದ್ವು. ಕಳಿಸಿ ಕಳಿಸಿ ಸೋತಾಗ ಒತ್ತು ಮಾಯ.

ಪರೀಕ್ಷೆ ಸುಲಭ. ಹಾರ್ಡ್ ಡಿಸ್ಕಿಂದ ಒಂದು ದೊಡ್ಡ ಫೈಲ್ ಕಾಪಿಗೆ ಹಾಕಿ ಮಾವಂಗೆ "ವ್ಯಾಪಾರಸ್ಥರ ವಿಳಾಸ" ಅಂತ ಹೊಡೀತಾ ಇರೋಕೆ ಹೇಳಿದೆ, ಚಿಂದಿ ಚಿಂದಿ. ಕಾಪಿ ನಿಲ್ಲಿಸಿ ಕೇಬಲ್ ಕಿತ್ತೆ, ಮುತ್ತು ಪೋಣಿಸಿದಂಗೆ ಬಂತು. ಮತ್ತೆ ಚುಚ್ಚಿದೆ, ಮತ್ತೆ ಚಿಂದಿ. ಮಗನನ್ನ ಕರೆದು ತೋರಿಸಿದೆ, "ಅರೆ, ತಾತಂದಲ್ವಾ ಹಂಗಾದ್ರೆ" ಅಂದ. ಇವನ ಸಿನಿಮಾ ಕಲೆಕ್ಷನ್‌ದು ಅಂತ ಹೇಳಿದ್ಮೇಲೆ ಆ ಬಗ್ಗೆ ಮಾತಾಡಿಲ್ಲ.

ಮಾಡಿದ್ದು ಇಷ್ಟೇ, ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲನ್ನ ಸಿಪಿಯು ಹಿಂದಿಂದ ಎತ್ತಿ ಟಿವಿ ಮುಂದೆ, ದಿವಾನಿಗೆ ಮುಖ ಮಾಡಿ ಟೇಪ್ ಹಚ್ಚಿದ್ದು. ಕೇಬಲ್ಲಿನ ಆ ತುದಿಯನ್ನ ನೀಲಿ ಬಿಟ್ಟು ಕಪ್ಪು ಪೋರ್ಟಿಗೆ ಹಾಕಿದ್ದು. ಗದ್ದಲದಿಂದ ಒಂದು ಮೀಟರ್ ದೂರ ಸರಿದ್ರೂ ಬಹಳ ಆಯ್ತು. ಈ ಸಲಹೆನೂ ಆ ಪೇಪರಲ್ಲೇ ಇದೆ, ರಿಸೀವರ್ ದೂರ ಇಡಿ ಅಂತ. ಕೀಬೋರ್ಡ್ ಡಬ್ಬಿ ಮೇಲೆ ಇದನ್ನ ಒಂದು ಸಾಲು ಹಾಕಿದ್ರೆ ಏನು ಗಂಟು ಹೋಗ್ತಿತ್ತೋ. ಡಬ್ಬಿ ಮೇಲೆ ಇದ್ದದ್ದು ನಗ್ತಾ ಸೋಫಾದಲ್ಲಿ ಕೂತಿರೋ ಒಂದು ಕುಟುಂಬ.

ಒಂದು ಸಣ್ಣ ಕಾಯಿಲೆ ಉಳಿದಿದೆ. ಸ್ವಲ್ಪ ಹೊತ್ತು ಮುಟ್ಟದಿದ್ರೆ ಕೀಬೋರ್ಡ್ ಶೆಲ್ಲು ಉಳಿಸೋಕೆ ನಿದ್ದೆಗೆ ಜಾರುತ್ತೆ, ಎಬ್ಬಿಸಿದ ಮೊದಲ ಅಕ್ಷರ ಕೆಲವು ಸಲ ನುಂಗುತ್ತೆ. ಮಾವ ಅದಕ್ಕೆ ಶುರು ಮಾಡೋ ಮೊದಲು ಶಿಫ್ಟ್ ಒಮ್ಮೆ ಒತ್ತಿಬಿಡ್ತಾರೆ. ಮತ್ತೆ ಇದೆಲ್ಲ ಓದುವಾಗ ಇನ್ನೊಂದು ಕಣ್ಣಿಗೆ ಬಿತ್ತು, 2016ರಲ್ಲಿ ಬ್ಯಾಸ್ಟಿಲ್ ಅನ್ನೋ ಭದ್ರತಾ ಸಂಸ್ಥೆಯೋರು ಕೆಲವು ಅಗ್ಗದ ವೈರ್‌ಲೆಸ್ ಕೀಬೋರ್ಡ್‌ಗಳು ಒತ್ತಿದ್ದನ್ನೆಲ್ಲ ಯಾವ ಗುಪ್ತಲಿಪಿನೂ ಇಲ್ಲದೆ ಬಯಲಲ್ಲೇ ಕಳಿಸ್ತವೆ, 250 ಅಡಿ ದೂರದಿಂದ ಹಿಡೀಬಹುದು ಅಂತ ತೋರಿಸಿದ್ರು. ನಮ್ಮದು ಆ ಪೈಕಿ ಅಲ್ಲದಿದ್ರೂ, ಬ್ಯಾಂಕಿನ ಪಾಸ್‌ವರ್ಡ್ ಹಾಕೋಕೆ ಅಟ್ಟದಿಂದ ಇಳಿಸಿದ ವೈರಿನ ಕೀಬೋರ್ಡನ್ನ ಮತ್ತೆ ಅಟ್ಟಕ್ಕೆ ಹಾಕಿಲ್ಲ.

ಇದೆಲ್ಲ ಆದ್ಮೇಲೂ ಮಾವಂಗೆ ಸಮಾಧಾನ ಇರಲಿಲ್ಲ, ಆ ತಳ್ಳುಗಾಡಿಯೋರ ಅರ್ಜಿ ಕಚೇರೀಲಿ "ಮಾನಯರೇ" ಅಂತಲೇ ಕೂತಿದೆಯಲ್ಲ ಅಂತ. ಹೊಸದಾಗಿ ಹೊಡೆದು ಅವರನ್ನ ಕರೆಸಿ, ಬದಲಿಸಿ ಬರ್ರಿ ಅಂದ್ರು. ಅವರು ನಕ್ಕು, "ಏ, ಅದನ್ಯಾರು ಓದ್ಯಾರೆ ಸಾರ್, ಸೀಲ್ ಹೊಡ್ದು ಇಟ್ಕಂಡ್ರು" ಅಂದ್ರು. ಆ ಮಾತಿಗೆ ಮಾವಂಗೆ ಬೆರಳು ನಡುಗುತ್ತೆ ಅಂದಿದ್ದಕ್ಕಿಂತ ಜಾಸ್ತಿ ನೋವಾಯ್ತು ಅಂತ ಕಾಣುತ್ತೆ. ಬಲವಂತ ಮಾಡಿ ಹೊಸ ಕಾಪಿ ಕೊಟ್ಟೇ ಕಳಿಸಿದ್ರು. ಈಗ ಪ್ರತಿ ಅರ್ಜಿನೂ ಹಳೇ ಕಚೇರಿ ಪದ್ಧತೀಲಿ ತಾಳೆ ನೋಡಬೇಕು, ನಾನು ಕರಡು ಓದೋದು, ಅವರು ಪ್ರಿಂಟ್ ಮೇಲೆ ಪೆನ್ಸಿಲ್ ಇಟ್ಕೊಂಡು ಹೋಗೋದು. ಮೊನ್ನೆ ಒಂದು ಬೀದಿ ದೀಪದ ಅರ್ಜಿ ನೋಡ್ತಾ ವಿಳಾಸದ ಹತ್ರ ಪೆನ್ಸಿಲ್ ನಿಂತ್ತು. "ನಿಟುವಲ್ಲಿ" ಅಂತ ಇತ್ತು. ನಾನು ಡಾಂಗಲ್ ಕಡೆ ನೋಡಿದೆ. "ಅದಕ್ಕೇನು ಅನ್ಬ್ಯಾಡ ತಾಯಿ," ಅಂದ್ರು ಮಾವ, "ಶಿಫ್ಟು. ಇದು ನಂದೇ."